ಬೀಗದ ಕೈ ಯಾರ ಹತ್ತಿರ?

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಸೂಜಿ ಕಂಡರೆ ಮುಖ ಆಚೆ ತಿರುಗಿಸುವ ಜಾತಿ. ಹೆಂಡತಿ ಮಂಗಳೂರು ಕಡೆಯ ನರ್ಸಿಂಗ್ ಕಾಲೇಜಿನಲ್ಲಿ ಹೆರಿಗೆ, ಬಾಣಂತನ, ನವಜಾತ ಶಿಶುಗಳ ಆರೈಕೆ ಕಲಿಸುತ್ತಿದ್ದವಳು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂರುತ್ತಾಳೆ ಅಂದುಕೊಂಡಿದ್ದೆ. ಅವಳು ಆಫ್ರಿಕಾದ ಮಲಾವಿಗೆ ಸ್ವಯಂಸೇವಕಿಯಾಗಿ ಹೋಗಲು ಅರ್ಜಿ ಹಾಕಿದಳು. ಜೊತೆಗೆ ಹೋದ ನನಗೆ ವೀಸಾ ಕಾಗದದಲ್ಲಿ ಸಿಕ್ಕ ಹುದ್ದೆ ‘ಡಿಪೆಂಡೆಂಟ್’. ಆ ಹುದ್ದೆಯಲ್ಲಿ ಪುರುಸೊತ್ತು ಧಾರಾಳ. ಹಾಗಾಗಿ ಈ ಟಿಪ್ಪಣಿಗಳು. 2011-12ರವು, ಕೆಲವು ಸಾಲು ಈಗ ಸೇರಿಸಿದ್ದು. ಆಸ್ಪತ್ರೆಯ ಹೆಸರು ಬೇಡ, ದಕ್ಷಿಣ ಭಾಗದ ಒಂದು ಜಿಲ್ಲಾ ಆಸ್ಪತ್ರೆ ಅಂದರೆ ಸಾಕು.

*

ಇಲ್ಲಿ ಭಾರತೀಯ ಮುಖ ಅಂದರೆ ಅಂಗಡಿ. ಬ್ಲಾಂಟೈರ್ ನಗರಕ್ಕೆ ಅಂಟಿಕೊಂಡ ಲಿಂಬೆ ಪೇಟೆಯಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡಿರುವ ಗುಜರಾತಿಗಳಿದ್ದಾರೆ. ಸ್ವಯಂಸೇವಕರು ಅಂದರೆ ಬಿಳಿಯರು. ಇವೆರಡರಲ್ಲೂ ಸೇರದ ನಮ್ಮನ್ನು ಮಿನಿಬಸ್ಸಿನಲ್ಲಿ ಜನ ಕೇಳುವುದು ಒಂದೇ ಪ್ರಶ್ನೆ: ‘ನಿಮ್ಮ ಅಂಗಡಿ ಎಲ್ಲಿ?’ ಆಸ್ಪತ್ರೆ ಎಂದರೆ ‘ಹಾಗಾದರೆ ಡಾಕ್ಟರಾ?’ ನರ್ಸ್, ಅದೂ ಸಂಬಳವಿಲ್ಲದೆ ಬಂದವಳು ಎಂದರೆ ಬಸ್ಸೇ ಒಂದು ಗಳಿಗೆ ಸುಮ್ಮನಾಗುತ್ತದೆ. ನಂಬಿಕೆ ಇಲ್ಲದ ಮೌನ ಅದು. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಇದರಲ್ಲಿ ಒಂದು ಅನುಕೂಲವೂ ಇದೆ. ಬಿಳಿಯ ಸ್ವಯಂಸೇವಕಿಯ ಹಿಂದೆ ಒಂದು ಪ್ರಾಜೆಕ್ಟು, ಒಂದು ಜೀಪು, ಒಂದಿಷ್ಟು ದುಡ್ಡು ಬರುತ್ತದೆ ಎಂದು ಆಸ್ಪತ್ರೆ ಕಾಯುತ್ತದೆ. ಇವಳಿಂದ ಯಾರೂ ಏನನ್ನೂ ನಿರೀಕ್ಷಿಸಲಿಲ್ಲ.

*

ಹೆರಿಗೆಗೆ ಬರುವವಳು ತರಬೇಕಾದ ಸಾಮಾನು: ಕರಿ ಪ್ಲಾಸ್ಟಿಕ್ ಹಾಳೆ, ಹೊಸ ಬ್ಲೇಡು, ಬೇಸಿನ್, ‘ಚಿತೆಂಜೆ’ ಎಂಬ ಬಣ್ಣದ ಸುತ್ತುಬಟ್ಟೆ ಎರಡೋ ಮೂರೋ. ಜೊತೆಗೆ ‘ಹೆಲ್ತ್ ಪಾಸ್‌ಪೋರ್ಟ್’ ಎಂಬ ಪುಟ್ಟ ಪುಸ್ತಕ. ಕೇಸ್ ಶೀಟು ಆಸ್ಪತ್ರೆಯ ಕಪಾಟಿನಲ್ಲಿಲ್ಲ, ರೋಗಿಯ ಸೆರಗಿನಲ್ಲಿದೆ. ಕಳೆದರೆ ಅವಳೇ ಕಳೆದಳು, ಉಳಿದರೆ ಅವಳೇ ಉಳಿಸಿದಳು. ನಮ್ಮಲ್ಲಿ ಹಳೇ ರಿಪೋರ್ಟಿಗಾಗಿ ರೆಕಾರ್ಡ್ ರೂಮಿನ ಮುಂದೆ ಕಾದು ನಿಂತ ನನಗೆ ಈ ಏರ್ಪಾಡು ಬಹಳ ಹಿಡಿಸಿತು.

ಪ್ರತಿ ರೋಗಿಗೂ ಒಬ್ಬ ‘ಗಾರ್ಡಿಯನ್’ ಇರುತ್ತಾರೆ. ತಾಯಿ, ಅಕ್ಕ, ಅತ್ತೆ, ಯಾರೋ ಒಬ್ಬರು. ಮೈ ಒರೆಸುವುದು, ಬಟ್ಟೆ ಒಗೆಯುವುದು, ಆಸ್ಪತ್ರೆಯ ಹಿಂದಿನ ಚಪ್ಪರದಲ್ಲಿ ಸೌದೆ ಉರಿಸಿ ಮೆಕ್ಕೆಜೋಳದ ಹಿಟ್ಟಿನ ‘ನ್ಸಿಮಾ’ ಬೇಯಿಸಿ ಉಣಿಸುವುದು, ರಾತ್ರಿ ಮಂಚದ ಕೆಳಗೆ ಮಲಗುವುದು, ಎಲ್ಲ ಇವರದೇ. ನರ್ಸಿಂಗ್ ಪುಸ್ತಕದ ಮೊದಲ ಅಧ್ಯಾಯಗಳಲ್ಲಿರುವ ಕೆಲಸಗಳನ್ನು ನರ್ಸ್ ಅಲ್ಲದವರು ಮಾಡುತ್ತಿದ್ದರು. ‘ಹಾಗಾದರೆ ನೀನು ಪಾಠ ಹೇಳಬೇಕಾದ್ದು ಯಾರಿಗೆ?’ ಎಂದು ಕೇಳಿದೆ. ‘ಅದೇ ನನಗೂ ಗೊತ್ತಾಗುತ್ತಿಲ್ಲ ರೀ’ ಎಂದಳು.

*

ಇವಳಂಥವರನ್ನು ಕರೆಸಿಕೊಂಡದ್ದಕ್ಕೆ ಒಂದು ಲೆಕ್ಕವಿದೆ. ನರ್ಸ್‌ಗಳು, ಡಾಕ್ಟರುಗಳು ದೇಶ ಬಿಡುತ್ತಿದ್ದಾಗ, ಏಡ್ಸ್ ಉಳಿದವರನ್ನೂ ಕಿತ್ತುಕೊಳ್ಳುತ್ತಿದ್ದಾಗ, 2004ರಲ್ಲಿ ಮಲಾವಿ ಸರ್ಕಾರ ದಾನಿ ದೇಶಗಳ ನೆರವಿನಿಂದ ತುರ್ತು ಯೋಜನೆಯೊಂದನ್ನು ರೂಪಿಸಿತು. ಆರೋಗ್ಯ ಸಿಬ್ಬಂದಿಯ ಸಂಬಳಕ್ಕೆ ಶೇ 52 ಸೇರಿಸುವುದು, ತರಬೇತಿ ಶಾಲೆಗಳ ಸೀಟು ಹೆಚ್ಚಿಸುವುದು, ಸ್ಥಳೀಯರು ತಯಾರಾಗುವ ತನಕ ಹೊರಗಿನಿಂದ ಸ್ವಯಂಸೇವಕ ಡಾಕ್ಟರು ಮತ್ತು ನರ್ಸ್ ಬೋಧಕರನ್ನು ತರುವುದು. ಬ್ಯಾಂಕಿನವನ ಕಣ್ಣಿಗೆ ಇದು ಒಳ್ಳೆಯ ಯೋಜನೆ. ಸಂಬಳ ಕೊಡದೆ ಬರೀ ‘ಸೇವಾ ಮನೋಭಾವ’ದ ಭಾಷಣ ಮಾಡಿದ ಸರ್ಕಾರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಸೇರಿಸಿದ್ದು: ಸೀಟು ಹೆಚ್ಚಿತು, ನರ್ಸ್‌ಗಳು ತಯಾರಾದರು. ಕೆಲವು ವರ್ಷಗಳ ಮೇಲೆ ಅವರನ್ನು ನೇಮಿಸಿಕೊಳ್ಳಲು ಸರ್ಕಾರದ ಬಳಿ ಹಣವಿರಲಿಲ್ಲ. ವಾರ್ಡಿನಲ್ಲಿ ಹುದ್ದೆ ಖಾಲಿ, ಊರಿನಲ್ಲಿ ಸರ್ಟಿಫಿಕೇಟು ಹಿಡಿದ ನರ್ಸ್ ಖಾಲಿ. ಎರಡೂ ಒಟ್ಟಿಗೆ ಹೇಗಿರಲು ಸಾಧ್ಯ ಎಂದು ಎಷ್ಟು ಯೋಚಿಸಿದರೂ ಜಮಾ-ಖರ್ಚು ತಾಳೆಯಾಗುವುದಿಲ್ಲ.

*

ಉಸಿರಾಡದೆ ಹುಟ್ಟುವ ಮಕ್ಕಳನ್ನು ಉಳಿಸುವ ತರಬೇತಿ ಇವಳ ಮುಖ್ಯ ಕೆಲಸ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಸರಳ ಪಾಠ ಹೊರಡಿಸಿತ್ತು. ಒರೆಸು, ಬೆಚ್ಚಗಿಡು, ಬೆನ್ನು ಉಜ್ಜು. ಆದರೂ ಅಳದಿದ್ದರೆ ಹುಟ್ಟಿದ ಒಂದು ನಿಮಿಷದೊಳಗೆ, ಮೂಗು-ಬಾಯಿಗೆ ಮುಚ್ಚಿ ಕೈಯಲ್ಲಿ ಒತ್ತುವ ಆಂಬು ಬ್ಯಾಗಿನಿಂದ ಗಾಳಿ ಕೊಡು. ಆ ನಿಮಿಷಕ್ಕೆ ‘ಬಂಗಾರದ ನಿಮಿಷ’ ಎಂದು ಹೆಸರು. ಕಲಿಸಲು ‘ನಿಯೋನಟಾಲಿ’ ಎಂಬ ಗೊಂಬೆ. ಖಾಲಿಯಿದ್ದಾಗ ಮಡಚಿ ಚೀಲದಲ್ಲಿಡಬಹುದು, ಬೆಚ್ಚಗಿನ ನೀರು ತುಂಬಿದರೆ ಕೂಸಿನಷ್ಟೇ ತೂಕ, ಕೂಸಿನಂತೆಯೇ ಕತ್ತು ಜೋಲುತ್ತದೆ. ರಬ್ಬರಿನ ಗುಂಡಿ ಒತ್ತಿದರೆ ಹೊಕ್ಕುಳ ಬಳ್ಳಿಯಲ್ಲಿ ನಾಡಿ ಮಿಡಿಯುತ್ತದೆ.

ಮನೆಯ ಊಟದ ಮೇಜಿನ ಮೇಲೆ ಆ ಗೊಂಬೆ ಮಲಗಿರುತ್ತಿತ್ತು. ಕೆಲಸದವಳು ಮೊದಲ ದಿನ ಅದನ್ನು ಕಂಡು ಹಿತ್ತಲ ಬಾಗಿಲಿನಿಂದ ಓಡಿದ್ದಳು. ಆಮೇಲೆ ಅವಳೂ ಬ್ಯಾಗ್ ಒತ್ತಲು ಕಲಿತಳು, ನಾನೂ ಕಲಿತೆ. ನಾನೇ ಕಲಿತ ಮೇಲೆ ಅದು ಕಷ್ಟದ ವಿದ್ಯೆಯಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿನ ನರ್ಸ್‌ಗಳಂತೂ ಎರಡನೇ ಸಲಕ್ಕೇ ತಪ್ಪಿಲ್ಲದೆ ಮಾಡಿದರು. ಪರೀಕ್ಷೆಯಲ್ಲಿ ಎಲ್ಲರೂ ಪಾಸು. ವಾರ್ಡಿನ ರಿಜಿಸ್ಟರಿನಲ್ಲಿ ಮಾತ್ರ ಸಾವಿನ ಸಂಖ್ಯೆ ಕದಲಲಿಲ್ಲ.

*

ತರಬೇತಿಗೂ ಭತ್ಯೆಗೂ ಇರುವ ನಂಟು.

ನಾವು ಬಂದ ಹೊಸದರಲ್ಲಿ ಯಾವುದೋ ದೊಡ್ಡ ಸಂಸ್ಥೆ ಸರೋವರದ ದಂಡೆಯ ಹೋಟೆಲಿನಲ್ಲಿ ನವಜಾತ ಶಿಶುಗಳ ಬಗ್ಗೆ ಒಂದು ವಾರದ ಕಾರ್ಯಾಗಾರ ಇಟ್ಟಿತ್ತು. ಊಟ, ವಸತಿ, ದಿನಭತ್ಯೆ, ಪ್ರಯಾಣಭತ್ಯೆ. ಆ ಭತ್ಯೆ ಸೇರಿಸಿದರೆ ತಿಂಗಳ ಸಂಬಳದ ದೊಡ್ಡ ಪಾಲು. ಹೆಸರು ಪಟ್ಟಿಯಲ್ಲಿ ಬರಬೇಕೆಂದು ಪೈಪೋಟಿ, ಹಿರಿಯರಿಗೆ ಮೊದಲು. ಎಳೆಗೂಸುಗಳನ್ನು ನೋಡಿಕೊಳ್ಳುವ ನರ್ಸ್‌ಗಳು ಎಳೆಗೂಸುಗಳನ್ನು ನೋಡಿಕೊಳ್ಳುವುದು ಹೇಗೆಂದು ಕಲಿಯಲು ಹೋದರು. ಆ ವಾರ ವಾರ್ಡು ನಡೆಸಿದ್ದು ವಿದ್ಯಾರ್ಥಿನಿಯರು.

ಇವಳಿಗೆ ರೇಗಿತು. ತನ್ನ ತರಬೇತಿ ವಾರ್ಡಿನಲ್ಲೇ, ಭತ್ಯೆ ಇಲ್ಲ ಎಂದು ನೋಟಿಸು ಹಾಕಿಸಿದಳು. ಬಂದವರು ಬೆರಳೆಣಿಕೆ. ಮೆಟ್ರನ್ ಹತ್ತಿರ ಹೇಳಿಕೊಂಡಾಗ ಆ ದೊಡ್ಡ ಹೆಂಗಸು ಹೇಳಿದ್ದು: ‘ಮೇಡಂ, ನಿಮಗೆ ಅದು ಪಾಠ. ಅವರಿಗೆ ಮಗಳ ಹೈಸ್ಕೂಲ್ ಫೀಸು. ರಾತ್ರಿ ಡ್ಯೂಟಿ ಮುಗಿಸಿ ಹಗಲು ಲೋಕಮ್ ಮಾಡುವವಳನ್ನು ಸುಮ್ಮನೆ ಕೂರಿಸಬೇಡಿ.’ ಲೋಕಮ್ ಅಂದರೆ ರಜೆಯ ಹೊತ್ತಿನಲ್ಲಿ ಹೆಚ್ಚುವರಿ ಪಾಳಿ ಮಾಡಿ ದುಡಿಯುವುದು.

ಅವಳಿಗೆ ಸಿಟ್ಟು ಬಂದಿದ್ದು ಸರಿಯೇ. ಮೆಟ್ರನ್ ಹೇಳಿದ್ದೂ ಸರಿಯೇ. ಕಾರ್ಯಾಗಾರಕ್ಕೆ ಹೋಗಿ ಸಹಿ ಹಾಕಿದವರ ಸಂಖ್ಯೆಯನ್ನು ‘ತರಬೇತಿ ಪಡೆದವರು’ ಎಂದು ದೂರದ ಯಾವುದೋ ಕಚೇರಿಗೆ ವರದಿ ಮಾಡುವ ಪದ್ಧತಿಯೊಂದೇ ನನಗೆ ತಪ್ಪಾಗಿ ಕಾಣುವುದು. ಸಾಲ ಕೊಟ್ಟದ್ದನ್ನೇ ಸಾಲ ವಸೂಲಿ ಎಂದು ಬರೆದರೆ ನನ್ನನ್ನು ಬ್ಯಾಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದರೇ?

*

ಬೀಗದ ಕೈ ಪ್ರಕರಣ. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು.

ರಾತ್ರಿ ಹೆರಿಗೆಯಾದ ಮಕ್ಕಳಿಗೆ ಆಂಬು ಬ್ಯಾಗ್ ಬಳಸಿದ್ದು ರಿಜಿಸ್ಟರಿನಲ್ಲಿ ಎಲ್ಲೂ ಕಾಣಲಿಲ್ಲ. ಹಗಲು ಮಾತ್ರ ಕಾಣುತ್ತಿತ್ತು. ರಾತ್ರಿ ಪಾಳಿಯವರು ಕಲಿತದ್ದನ್ನು ಮರೆತರೇ, ಸೋಮಾರಿಗಳೇ, ನಿದ್ದೆಯೇ? ಹೊರಗಿನಿಂದ ಬಂದವರ ಅನುಮಾನ ಹೋಗುವುದು ಈ ದಾರಿಯಲ್ಲೇ. ಇವಳೂ ಕಲಿಸಿದ್ದನ್ನೇ ಇನ್ನೊಮ್ಮೆ ಕಲಿಸಿದಳು. ಎಲ್ಲರೂ ಇನ್ನೊಮ್ಮೆ ಪಾಸಾದರು.

ಆಮೇಲೆ ಒಂದು ರಾತ್ರಿ ತಾನೇ ವಾರ್ಡಿನಲ್ಲಿ ಉಳಿದಳು. ಇಡೀ ಹೆರಿಗೆ ವಾರ್ಡಿಗೆ ಒಬ್ಬಳೇ ನರ್ಸ್. ಬ್ಯಾಗ್ ಎಲ್ಲಿ ಎಂದರೆ ಇನ್‌ಚಾರ್ಜ್ ಸಿಸ್ಟರ್ ಕೋಣೆಯ ಕಪಾಟಿನಲ್ಲಿ. ಕಪಾಟಿನ ಬೀಗದ ಕೈ? ಸಿಸ್ಟರ್ ಚೀಲದಲ್ಲಿ. ಸಿಸ್ಟರ್? ಸಂಜೆಯೇ ಮನೆಗೆ.

ಬೆಳಗ್ಗೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. ‘ಗೊಂಬೆಗೆ ಬ್ಯಾಗ್ ಒತ್ತಿಸಿ ಒತ್ತಿಸಿ ಸಾಕಾದೆ. ಬ್ಯಾಗಿಗೇ ಬೀಗ ಹಾಕಿದ್ದಾರೆ ರೀ! ಎಂಥಾ ಹೆಂಗಸು ಅದು?’

ಇನ್‌ಚಾರ್ಜ್ ಸಿಸ್ಟರ್ ಕೆಟ್ಟ ಹೆಂಗಸಲ್ಲ. ಹಿಂದೆ ಒಂದು ಬ್ಯಾಗ್ ಕಾಣೆಯಾದಾಗ ಅದರ ಜವಾಬ್ದಾರಿ ಅವಳ ತಲೆಗೆ ಬಂದಿತ್ತು. ಸ್ಟಾಕ್ ಪುಸ್ತಕದಲ್ಲಿ ಸಹಿ ಅವಳದು. ಮಗು ಸತ್ತರೆ ಯಾರೂ ಅವಳನ್ನು ಕೇಳುವುದಿಲ್ಲ. ಬ್ಯಾಗ್ ಕಳೆದರೆ ಕೇಳುತ್ತಾರೆ. ಇಂಥ ನಿಯಮವಿದ್ದ ಕಡೆ ಯಾರೇ ಆದರೂ ಬೀಗ ಹಾಕುತ್ತಾರೆ, ಕೈಯನ್ನು ಮನೆಗೂ ಒಯ್ಯುತ್ತಾರೆ. ಈ ವಿಷಯದಲ್ಲಿ ಮಾತ್ರ ನನಗೆ ಹೆಂಡತಿಗಿಂತ ಹೆಚ್ಚು ಗೊತ್ತಿತ್ತು. ಬ್ಯಾಂಕಿನಲ್ಲಿ ಕ್ಯಾಶ್ ಸೇಫಿನ ಕೈ ಒಬ್ಬರ ಬಳಿಯೇ ಇರುವುದಿಲ್ಲ. ಇಬ್ಬರ ಬಳಿ ಇರುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಜವಾಬ್ದಾರಿ ಪಾಳಿಯ ಜೊತೆಗೇ ದಾಟಬೇಕು. ಇದನ್ನು ಹೇಳಿದೆ. ಅವಳು ಮೆಟ್ರನ್‌ಗೆ ಹೇಳಿದಳು. ಮೆಟ್ರನ್ ಮೇಲಿನವರಿಗೆ, ಮೇಲಿನವರು ಸ್ಟೋರಿನವರಿಗೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಮಾಡಲೂ ಇಲ್ಲ. ಕೊನೆಗೆ ಮೆಟ್ರನ್ನೇ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು, ಹೆರಿಗೆ ಮಂಚದ ಪಕ್ಕದ ಗೋಡೆಗೆ ಮೊಳೆ ಹೊಡೆಸಿ ಬ್ಯಾಗ್ ನೇತುಹಾಕಿದಳು. ಪ್ರತಿ ಪಾಳಿ ಬದಲಾದಾಗ ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ.

ರಿಜಿಸ್ಟರಿನ ರಾತ್ರಿ ಪುಟಗಳಲ್ಲಿ ‘ಬ್ಯಾಗ್ ಅಂಡ್ ಮಾಸ್ಕ್, ಅತ್ತಿತು’ ಎಂಬ ಸಾಲುಗಳು ಕಾಣತೊಡಗಿದವು. ಯಾರೂ ಬಂದು ಹೇಳಿಕೊಳ್ಳಲಿಲ್ಲ. ಇವಳೇ ಹುಡುಕಿ ಓದಿದಳು. ಅಂದು ಮನೆಯಲ್ಲಿ ಪಾಯಸ.

ಅವಳ ಅಷ್ಟು ವರ್ಷದ ಅನುಭವ, ಗೊಂಬೆ, ಚಾರ್ಟು ಎಲ್ಲಕ್ಕಿಂತ ಆ ವಾರ್ಡಿಗೆ ಹೆಚ್ಚು ಒದಗಿದ್ದು ಒಂದು ಮೊಳೆ. ಇದನ್ನು ಹೇಳಿದರೆ ಅವಳಿಗೆ ಇವತ್ತಿಗೂ ಅಷ್ಟು ಖುಷಿಯಾಗುವುದಿಲ್ಲ.

*

ಪಾರ್ಟೋಗ್ರಾಫ್ ಎಂಬ ಕಾಗದವನ್ನು ನನಗೆ ವಿವರಿಸಿದ್ದು ಹೀಗೆ: ಹೆರಿಗೆ ನೋವು ಶುರುವಾದ ಮೇಲೆ ಗರ್ಭಕೊರಳು ಎಷ್ಟು ತೆರೆಯಿತು, ಮಗುವಿನ ಎದೆಬಡಿತ ಎಷ್ಟು, ಎಲ್ಲವನ್ನೂ ಹೊತ್ತು ಹೊತ್ತಿಗೆ ಗ್ರಾಫಿನಲ್ಲಿ ಗುರುತಿಸುವುದು. ಗೆರೆ ‘ಎಚ್ಚರಿಕೆಯ ಗೆರೆ’ ದಾಟಿದರೆ ದೊಡ್ಡ ಆಸ್ಪತ್ರೆಗೆ ಕಳಿಸು, ‘ಕ್ರಮದ ಗೆರೆ’ ಮುಟ್ಟಿದರೆ ಕಾಯಬೇಡ.

ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಹಿಂದಿನ ದಿನ ಒಂದೇ ಪೆನ್ನಿನಲ್ಲಿ ಮೂರು ತಿಂಗಳ ರಿಜಿಸ್ಟರು ತುಂಬಿದ್ದನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಆ ಗ್ರಾಫುಗಳು ಅಂಥವು. ಚುಕ್ಕಿಗಳು ಒಂದರ ಹಿಂದೊಂದು ಸಾಲು ಹಿಡಿದು ನಿಂತಿರುತ್ತವೆ, ಎಚ್ಚರಿಕೆಯ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಹೆರಿಗೆಯಾದ ಮೇಲೆ ಕೂತು ತುಂಬಿದ್ದು. ಒಬ್ಬಳೇ ನರ್ಸ್, ಹಲವರಿಗೆ ನೋವು. ಗ್ರಾಫು ಬರೆಯುತ್ತ ಕೂತರೆ ಮಗು ಹಿಡಿಯುವವರು ಯಾರು?

ನನ್ನ ಸೋಜಿಗ ಬೇರೆ. ಇವಳು ಭಾರತದಿಂದ ಹೊತ್ತು ತಂದು ಕಲಿಸುತ್ತಿದ್ದ ಆ ಎರಡು ಗೆರೆಗಳು ಹುಟ್ಟಿದ್ದು ಇಲ್ಲಿಗೆ ಹತ್ತಿರದಲ್ಲೇ. ಈಗ ಜಿಂಬಾಬ್ವೆಯ ಹರಾರೆ ಆಗಿರುವ ಅಂದಿನ ಸಾಲಿಸ್‌ಬರಿಯಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು 1972ರಲ್ಲಿ ಪ್ರಕಟಿಸಿದ್ದು. ಡಾಕ್ಟರಿಲ್ಲದ ದೂರದ ಹೆರಿಗೆ ಕೇಂದ್ರದ ಸೂಲಗಿತ್ತಿ ನರ್ಸ್‌ಗೆ ‘ಈಗ ಕಳಿಸು’ ಎಂದು ಹೇಳಲೆಂದೇ ಆ ಗೆರೆ ಎಳೆದರು. ಅದು ಪ್ರಪಂಚವೆಲ್ಲ ಸುತ್ತಿ ಮಂಗಳೂರಿನ ಪಠ್ಯಪುಸ್ತಕ ಸೇರಿ, ವಿಮಾನ ಹತ್ತಿ ಮತ್ತೆ ಇಲ್ಲಿಗೇ ಬಂತು.

ಇಂಥವು ಇನ್ನೂ ಇವೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ತಾಯಿಯ ಎದೆಗೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಡುವ ಕಾಂಗರೂ ಪದ್ಧತಿ 1978ರಲ್ಲಿ ಬೊಗೋಟಾದಲ್ಲಿ ಶುರುವಾದದ್ದು. ಮಲಾವಿಯ ಜೊಂಬಾ ಆಸ್ಪತ್ರೆ 1999ರಲ್ಲೇ ಅದನ್ನು ಹಿಡಿದಿತ್ತು. ಹಿಡಿಯದೆ ದಾರಿಯಿರಲಿಲ್ಲ. 2010ರ ಅಂದಾಜಿನಂತೆ ಮಲಾವಿಯಲ್ಲಿ ನೂರಕ್ಕೆ 18 ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುತ್ತಿದ್ದವು, ಜಗತ್ತಿನಲ್ಲೇ ಅತಿ ಹೆಚ್ಚು. ಎಚ್‌ಐವಿ ಇರುವ ಪ್ರತಿ ಗರ್ಭಿಣಿಗೂ, ರಕ್ತ ಪರೀಕ್ಷೆಯ ಅಂಕಿಗಾಗಿ ಕಾಯದೆ, ಜೀವನಪೂರ್ತಿ ಔಷಧಿ ಎಂಬ ನೀತಿಯನ್ನು ಮೊದಲು ಜಾರಿ ಮಾಡಿದ್ದೂ ಮಲಾವಿ, 2011ರಲ್ಲಿ. ನಾವು ಅಲ್ಲಿದ್ದಾಗಲೇ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಮಾರ್ಗಸೂಚಿಗೆ ಸೇರಿಸಿಕೊಂಡದ್ದು 2013ರಲ್ಲಿ.

ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರೊಂದಿಗೆ ಸೇರಿ ಅಗ್ಗದ ಉಸಿರಾಟದ ಯಂತ್ರವೊಂದನ್ನು ಎಳೆಯ ಮಕ್ಕಳ ಮೇಲೆ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ: ಬರೀ ಆಮ್ಲಜನಕ ಕೊಟ್ಟಾಗ ಬದುಕಿದ್ದು ಶೇ 44, ಈ ಯಂತ್ರದೊಂದಿಗೆ ಶೇ 71. ಕಲಿಸಲು ಬಂದವಳು ನಮ್ಮ ಊರಿಗೆ ಬರೆದ ಪತ್ರಗಳಲ್ಲಿ ತಾನು ಕಲಿತದ್ದರ ಪಟ್ಟಿಯೇ ಉದ್ದವಿರುತ್ತಿತ್ತು.

*

ಆಸ್ಪತ್ರೆಯ ಹಿಂದೆ ಯಂತ್ರಗಳ ಸ್ಮಶಾನ. ದಾನ ಬಂದ ಇನ್‌ಕ್ಯುಬೇಟರು, ಆಮ್ಲಜನಕದ ಯಂತ್ರ, ಏನೆಂದು ನನಗೆ ತಿಳಿಯದ ಹಲವು. ಒಂದಕ್ಕೆ ಫಿಲ್ಟರಿಲ್ಲ, ಒಂದಕ್ಕೆ ಪ್ಲಗ್ ಬೇರೆ, ಇನ್ನೊಂದು 110 ವೋಲ್ಟಿನದು. ಇಲ್ಲಿ ಕರೆಂಟು 230. ಬಡ ದೇಶಗಳ ಆಸ್ಪತ್ರೆಗಳಲ್ಲಿ ಸುಮಾರು ಶೇ 40ರಷ್ಟು ಉಪಕರಣಗಳು ಕೆಲಸ ಮಾಡುತ್ತಿಲ್ಲ ಎಂದು 2011ರ ಅಧ್ಯಯನವೊಂದು ಹೇಳಿತು. ದಾನ ಕೊಟ್ಟವರ ಫೋಟೋ ಮಾತ್ರ ಆಫೀಸಿನಲ್ಲಿ ಸುಸ್ಥಿತಿಯಲ್ಲಿತ್ತು.

*

2011ರ ಜುಲೈ 20ರಂದು ಪಟ್ಟಣಗಳಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ, ಗುಂಡು, ಸಾವು. ಮಲಾವಿಯ ಬಜೆಟ್ಟಿಗೆ ಕೊಡುತ್ತಿದ್ದ ನೇರ ನೆರವನ್ನು ಬ್ರಿಟನ್ ಆಗಲೇ ನಿಲ್ಲಿಸಿತ್ತು. ಪೆಟ್ರೋಲಿಗೆ ಮೈಲುದ್ದ ಸಾಲು. ಆಂಬುಲೆನ್ಸಿಗೂ ಡೀಸೆಲ್ ಇಲ್ಲ. ‘ಎಚ್ಚರಿಕೆಯ ಗೆರೆ ದಾಟಿದರೆ ದೊಡ್ಡ ಆಸ್ಪತ್ರೆಗೆ ಕಳಿಸು’ ಎಂದು ಕಲಿಸುವುದಾದರೂ ಯಾವ ಬಾಯಲ್ಲಿ? ಕರೆಂಟು ಹೋದರೆ ಫ್ರಿಜ್ಜಿನ ಆಕ್ಸಿಟೋಸಿನ್ ಕೆಡುತ್ತದೆ. ಬಾಣಂತಿಯ ರಕ್ತಸ್ರಾವ ನಿಲ್ಲಿಸುವ ಇಂಜೆಕ್ಷನ್ ಅದು, 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಗೆ ಕೂತ ಬಾಟಲಿಯೂ ನೋಡಲು ಹಾಗೆಯೇ ಇರುತ್ತದೆ. ನರ್ಸ್ ಸರಿಯಾಗಿಯೇ ಚುಚ್ಚುತ್ತಾಳೆ, ರಕ್ತ ನಿಲ್ಲುವುದಿಲ್ಲ, ತಪ್ಪು ಅವಳದೆಂದು ಬರೆಯಲಾಗುತ್ತದೆ.

2012ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಬಿಂಗು ವಾ ಮುಥಾರಿಕಾ ತೀರಿಕೊಂಡರು, ಜಾಯ್ಸ್ ಬಾಂಡಾ ಬಂದರು. ಮೇ ತಿಂಗಳಲ್ಲಿ ಇಲ್ಲಿನ ನಾಣ್ಯ ಕ್ವಾಚಾದ ಅಪಮೌಲ್ಯ. ಡಾಲರಿಗೆ 167ರ ಆಸುಪಾಸು ಇದ್ದದ್ದು 250. ಸ್ವಯಂಸೇವಕರಿಗೆ ಕೊಡುವ ಖರ್ಚಿನ ಹಣ ಕ್ವಾಚಾದಲ್ಲಿ. ಇವಳು ಅದನ್ನು ಗಮನಿಸಲೇ ಇಲ್ಲ, ಗಮನಿಸಿದ್ದು ನಾನು. ನರ್ಸ್‌ಗಳೂ ಗಮನಿಸಿದರು.

*

ಬೆಳಗಿನ ಹ್ಯಾಂಡೋವರ್ ಪ್ರಾರ್ಥನೆಯಿಂದ ಶುರು. ಹಾಡುತ್ತಾರೆ, ಯಾರೂ ಕಲಿಸದೆ ನಾಲ್ಕು ಸ್ವರ ತಾವಾಗಿ ಕೂಡುತ್ತವೆ. ಆಮೇಲೆ ರಾತ್ರಿಯ ಲೆಕ್ಕ: ಹೆರಿಗೆ ಇಷ್ಟು, ಸಿಸೇರಿಯನ್ ಇಷ್ಟು, ಸಾವು ಇಷ್ಟು. ಮೊದಮೊದಲು ಇವಳಿಗೆ ಇದು ನುಂಗಲಾರದ ತುತ್ತು. ಅಳಬೇಡವೇ, ಯಾಕೆ ಸತ್ತಿತೆಂದು ಕೇಳಬೇಡವೇ? ಕೇಳಲು ಶುರು ಮಾಡಿದಳು. ಯಾರೂ ಬಾಯಿ ಬಿಡಲಿಲ್ಲ. ಎಲ್ಲರೆದುರು ಹಿರಿಯರನ್ನು ಪ್ರಶ್ನಿಸುವುದು, ‘ನನಗೆ ಗೊತ್ತಾಗಲಿಲ್ಲ’ ಅನ್ನುವುದು ಇಲ್ಲಿ ಇಲ್ಲ. ನಮ್ಮ ಕಾಲೇಜಿನಲ್ಲಿ ಮಾತ್ರ ಎಲ್ಲಿತ್ತು ಎಂದು ನಾನು ಕೇಳಿದ್ದಕ್ಕೆ ಆ ರಾತ್ರಿ ಮಾತು ಬಂದ್. ಕೊನೆಗೆ ಆ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಹ್ಯಾಂಡೋವರ್‌ನಲ್ಲಲ್ಲ, ಚಹಾ ಹೊತ್ತಿನಲ್ಲಿ, ಒಬ್ಬೊಬ್ಬರೇ ಸಿಕ್ಕಾಗ.

*

ಚುರುಕಾದ ನರ್ಸ್ ಹುಡುಗಿಯೊಬ್ಬಳಿದ್ದಳು, ಇವಳ ಅಚ್ಚುಮೆಚ್ಚು, ಮುಂದೆ ತನ್ನ ಜಾಗದಲ್ಲಿ ಕಲಿಸುವವಳು ಎಂದೇ ತಯಾರು ಮಾಡುತ್ತಿದ್ದಳು. ಅವಳು ಒಂದು ದಿನ ಮನೆಗೆ ಬಂದು ಕೇಳಿದ್ದು, ಭಾರತದ ನರ್ಸ್‌ಗಳು ಇಂಗ್ಲೆಂಡಿಗೆ ಹೋಗುವುದು ಹೇಗೆ, ಯಾವ ಪರೀಕ್ಷೆ, ಎಷ್ಟು ಖರ್ಚು.

ಇವಳಿಗೆ ಉತ್ತರ ಹೇಳಲು ತುಂಬ ಹೊತ್ತು ಬೇಕಾಯಿತು. ತಾನು ಮಂಗಳೂರಿನಲ್ಲಿ ಕಲಿಸಿದ ಎಷ್ಟೋ ಹುಡುಗಿಯರು ಕುವೈತ್, ಐರ್ಲೆಂಡ್, ಇಂಗ್ಲೆಂಡಿನಲ್ಲಿದ್ದಾರೆ. ಅವರ ಫೋಟೋ ನಮ್ಮ ಷೋಕೇಸಿನಲ್ಲಿದೆ. ಅಲ್ಲಿ ಅದು ಹೆಮ್ಮೆ. ಇಲ್ಲಿ ಅದೇ ನಷ್ಟ. ಬ್ರಿಟನ್ನಿನ ನೀತಿಸಂಹಿತೆಯ ಪ್ರಕಾರ ಮಲಾವಿಯಂಥ ದೇಶಗಳಿಗೆ ಹೋಗಿ ನರ್ಸ್‌ಗಳನ್ನು ಸೆಳೆಯುವಂತಿಲ್ಲ. ಭಾರತದಲ್ಲೂ ಆಗ ಆಂಧ್ರ, ಮಧ್ಯಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳಗಳಿಗೆ ಆ ನಿರ್ಬಂಧವಿತ್ತು, ಕರ್ನಾಟಕಕ್ಕೆ ಇರಲಿಲ್ಲ. ತಾವಾಗಿ ಅರ್ಜಿ ಹಾಕಿದವರನ್ನು ಮಾತ್ರ ಆ ಸಂಹಿತೆ ತಡೆಯುವುದಿಲ್ಲ. ಅಂತೂ ಗೊತ್ತಿದ್ದುದನ್ನೆಲ್ಲ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಸರಿ ಮಾಡಿದಳು ಎಂದೇ ನನ್ನ ಎಣಿಕೆ. ಆ ಹುಡುಗಿಯ ಬಡತನವನ್ನು ಅವಳ ದೇಶದ ಆಸ್ತಿ ಎಂದು ಕಾಪಾಡಿಡಲು ನಾವು ಯಾರು?

ಅವಳು ಹೋದಳೇ? ಇಲ್ಲ, ಈಗ ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಹೋಗಿದ್ದು ಇನ್‌ಚಾರ್ಜ್ ಸಿಸ್ಟರ್.

*

ಇವಳಂತೆ ಸ್ವಯಂಸೇವೆಗೆ ಹೋಗಬೇಕೆಂದಿರುವ ನರ್ಸಿಂಗ್ ಬೋಧಕರು ಈಗಲೂ ಮನೆಗೆ ಬಂದು ಇವಳನ್ನು ವಿಚಾರಿಸುತ್ತಾರೆ. ಅವಳು ಹೇಳುವುದನ್ನು ಕೇಳಿ ಕೇಳಿ ನನಗೆ ಬಾಯಿಪಾಠ. ಮೂರು ವಾರಕ್ಕೆ ಹೋಗುವುದಾದರೆ ಊರು ನೋಡಲು ಹೋಗಿ, ಕಲಿಸಲು ಬೇಡ. ಒಂದು ವರ್ಷಕ್ಕಿಂತ ಕಡಿಮೆಗೆ ಒಪ್ಪಬೇಡಿ. ಕಚೇರಿಯಲ್ಲಿ ಮೇಜು ಕೊಟ್ಟರೆ ಬೇಡವೆನ್ನಿ. ವಾರ್ಡಿನಲ್ಲಿ ಪಾಳಿ ಕೇಳಿ, ಅದರಲ್ಲಿ ರಾತ್ರಿ ಪಾಳಿಯೂ ಇರಲಿ. ಅಲ್ಲಿಯ ಒಬ್ಬ ಬೋಧಕಿಯನ್ನು ಮೊದಲ ದಿನದಿಂದಲೇ ಜೊತೆಗೆ ಹಾಕಲು ಕಳಿಸುವ ಸಂಸ್ಥೆಯಿಂದ ಬರೆಸಿಕೊಳ್ಳಿ, ಇಲ್ಲದಿದ್ದರೆ ನೀವು ವಿಮಾನ ಹತ್ತಿದ ದಿನ ಕೆಲಸ ನಿಲ್ಲುತ್ತದೆ. ಯಂತ್ರ ಹೊತ್ತೊಯ್ಯಬೇಡಿ. ಪಾಠ ಶುರು ಮಾಡುವ ಮೊದಲು ಕಪಾಟು ನೋಡಿ, ಕೈ ಯಾರ ಹತ್ತಿರ ಎಂದು ಕೇಳಿ.

ಗಂಡನನ್ನು ಕರೆದುಕೊಂಡು ಹೋಗಬೇಕೇ ಎಂಬ ಪ್ರಶ್ನೆಗೆ ಅವಳು ಇದುವರೆಗೂ ನನ್ನೆದುರು ಉತ್ತರ ಹೇಳಿಲ್ಲ.